ಆಜಿಯ ಬೆರಳ ತುದಿಯ ಕಿಡಿ

ನಮ್ಮ ಮನೆಯಲ್ಲಿ ಆಜಿ ಒಮ್ಮೆ ಹೇಳಿದರೆ ಮುಗಿಯಿತು. ದೋಣಿ ಯಾವಾಗ ನೀರಿಗಿಳಿಯಬೇಕು, ಸಾರಿಗೆ ಎಷ್ಟು ಹುಳಿ ಬೀಳಬೇಕು, ಯಾರ ಮನೆಯ ಮದುವೆಗೆ ಯಾರು ಹೋಗಬೇಕು, ಎಲ್ಲವೂ ಅವಳದೇ ತೀರ್ಮಾನ. ನನ್ನ ಅಪ್ಪ, ಅಷ್ಟು ದೊಡ್ಡ ಆಳು, ಎಂಥ ಗಾಳಿಗೂ ಚುಕ್ಕಾಣಿ ಬಿಡದವನು, ಅಡಿಗೆಮನೆಯ ಬಾಗಿಲಲ್ಲಿ ನಿಂತು ತನ್ನ ತಾಯಿಯ ಹತ್ತಿರ ಇನ್ನೊಂದು ಲೋಟ ಚಾ ಕೇಳುವಾಗ ತಡವಾಗಿ ಶಾಲೆಗೆ ಬಂದ ಹುಡುಗನ ಹಾಗೆ ಕಾಣುತ್ತಿದ್ದ. ಅಂಥ ಆಜಿಯ ಮಾತನ್ನು ತಿರುಗಿಸಿದವಳು ನಾನು. ಹೌದು, ನಾನೇ. ಒಂಬತ್ತನೆಯ ತರಗತಿಯ, ಎರಡು ಜಡೆಯ, ಊರೆಲ್ಲ 'ಬಾಯಿಬಡುಕಿ' ಎಂದು ಕರೆಯುತ್ತಿದ್ದ ಹುಡುಗಿ. ಇಷ್ಟು ವರ್ಷಗಳ ಮೇಲೂ ಈ ಮಾತು ಹೇಳುವಾಗ ನನಗೆ ಒಂದಿಷ್ಟೂ ನಾಚಿಕೆಯಿಲ್ಲ. ಜಂಬ ಅನ್ನಿ, ಅನ್ನಿಸಿಕೊಳ್ಳುತ್ತೇನೆ. ಜಂಬ ಪಡುವಂಥದ್ದನ್ನು ಮಾಡಿಯೇ ಪಡುತ್ತಿದ್ದೇನೆ.

ಹಟ್ಟಿಕೇರಿಯ ರಸ್ತೆ ಬಿಟ್ಟು ಕಡಲಿನ ಕಡೆಗೆ ಇಳಿದರೆ ನಮ್ಮ ಕೇರಿ. ಮನೆಯ ಮುಂದಿನ ಜಗಲಿಯಲ್ಲಿ ಯಾವಾಗಲೂ ಬಲೆ. ಕೂರಲು ಜಾಗ ಬೇಕಾದರೆ ಬಲೆಯನ್ನು ಸರಿಸಬೇಕು, ಸರಿಸಿದರೆ ಅಪ್ಪನ ಬೈಗುಳ ತಿನ್ನಬೇಕು. ಜಗಲಿ ದಾಟಿದರೆ ನಡುಕೋಣೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಹಗಲು ಹೊತ್ತಿನಲ್ಲೂ ಅಲ್ಲಿ ಕಣ್ಣು ಹೊಂದಿಸಿಕೊಳ್ಳಲು ಒಂದು ಕ್ಷಣ ನಿಲ್ಲಬೇಕಿತ್ತು. ಒಣಮೀನಿನ ಬುಟ್ಟಿಗಳು, ಅಕ್ಕಿ ತುಂಬಿದ ದೊಡ್ಡ ತಾಮ್ರದ ಹಂಡೆ, ಆಜಿಯ ದೇವರು, ಎಲ್ಲ ಅಲ್ಲೇ. ಅದರ ಹಿಂದೆ ಅಡಿಗೆಮನೆ, ಅದರ ಹಿಂದೆ ಹಿತ್ತಿಲು. ಹಿತ್ತಿಲಲ್ಲಿ ಮೀನು ಪೇಟೆಗೆ ಹೋಗುವ ಥರ್ಮಾಕೋಲ್ ಡಬ್ಬಿಗಳ ರಾಶಿ. ಒಂದು ಡಬ್ಬಿ ಮುರಿದರೆ ಅದರ ಬಿಳಿ ಕಾಳು ವಾರಗಟ್ಟಲೆ ಮನೆ ತುಂಬ ಓಡಾಡುತ್ತಿತ್ತು, ಒಮ್ಮೊಮ್ಮೆ ಗಂಜಿಯಲ್ಲೂ ಸಿಗುತ್ತಿತ್ತು. ಚಳಿಗಾಲದಲ್ಲಿ ನಮ್ಮ ದಿನವನ್ನು ಗಾಳಿ ಎರಡಾಗಿ ಕೊಯ್ಯುತ್ತಿತ್ತು. ಬೆಳಿಗ್ಗೆ ಘಟ್ಟದ ಕಡೆಯಿಂದ ಇಳಿಯುವ ಮೂಡಗಾಳಿಗೆ ತುಟಿ ಒಡೆಯುತ್ತಿತ್ತು, ಹಿಮ್ಮಡಿ ಬಿರಿಯುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಗಾಳಿ ತಿರುಗಿ ಕಡಲ ಕಡೆಯಿಂದ ಬೀಸತೊಡಗಿದರೆ ಸಂಜೆಗೆ ಉಪ್ಪಿನ ಭರಣಿಯೂ ಬೆವರುತ್ತಿತ್ತು. ಗಂಡಸರು ಬೆಳಿಗ್ಗೆ ನೀರಿನ ಮೇಲೆ ಅಥವಾ ದಂಡೆಯ ಮೇಲೆ, ಮಧ್ಯಾಹ್ನ ಗಂಜಿ ಉಂಡು ನಿದ್ದೆ. ಹಾಗಾಗಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಜಗಳ ಆಡಬೇಕಾದರೆ, ತೀರ್ಮಾನ ಮಾಡಬೇಕಾದರೆ, ಅದು ಸಂಜೆಯ ಚಾ ಹೊತ್ತಿಗೇ. ಬೇರೆ ಹೊತ್ತಿನಲ್ಲಿ ಎತ್ತಿದ ಮಾತಿಗೆ ನಮ್ಮಲ್ಲಿ ತೂಕವಿರಲಿಲ್ಲ.

ಆ ವರ್ಷ ನನ್ನ ಅಣ್ಣನ ಮದುವೆಯಾಯಿತು. ನಾವು ಅವನನ್ನು ದಾದಾ ಎನ್ನುತ್ತಿದ್ದೆವು. ಅವನ ಹೆಂಡತಿ, ನಮ್ಮ ವೈನಿ, ರಾಮನಗುಳಿಯವಳು. ಅವಳ ಅಪ್ಪನೂ ಬಲೆ ಬೀಸುವವನೇ, ಆದರೆ ಗಂಗಾವಳಿ ಹೊಳೆಯಲ್ಲಿ. ಆಜಿಗೆ ಮೊದಲ ದಿನದಿಂದಲೇ ಅದೊಂದು ಮುಳ್ಳು. "ಸಿಹಿನೀರಿನ ಹೆಣ್ಣು, ಉಪ್ಪುನೀರಿನ ಮನೆಗೆ ಹೊಂದಬೇಕಲ್ಲ" ಎಂದು ನೆಂಟರೆದುರೇ ಅಂದಿದ್ದಳು. ವೈನಿಯ ಜೊತೆ ಮನೆಗೆ ಬಂದ ಸಾಮಾನುಗಳೂ ಹೊಸ ಕಾಲದವು. ಕಾರವಾರದ ಆಯ್ತವಾರದ ಸಂತೆಯಲ್ಲಿ ಕೊಂಡ ಕೆಂಪು ಪ್ಲಾಸ್ಟಿಕ್ ಕುರ್ಚಿ. ಕುವೈತಿನಲ್ಲಿದ್ದ ಅವಳ ಸೋದರಮಾವ ಕಳಿಸಿದ, ಹುಲಿಯ ಚಿತ್ರವಿದ್ದ ದಪ್ಪ ರೋಮದ ಚಾದರ. ಮೈಗೆ ಅಂಟುವ, ಇಸ್ತ್ರಿ ಬೇಡದ ಸೀರೆಗಳು. ಹೊಳೆಯ ಕೆಸರಿನಲ್ಲಿ ಬೆಳೆದ ಅವಳ ಪಾದ ನಮ್ಮ ಗಾಳಿಗೆ ಬಿರಿದು ರಕ್ತ ಬಂದಾಗ ದಾದಾ ಒಂದು ಜೊತೆ ಹವಾಯಿ ಚಪ್ಪಲಿ ತಂದುಕೊಟ್ಟ, ಅವಳು ಅದನ್ನು ಮನೆಯೊಳಗೇ ಹಾಕಿಕೊಂಡು ತಿರುಗಿದಳು. ಆಜಿ ಎರಡು ಹೊತ್ತು ಊಟ ಬಿಟ್ಟಳು. ಚಪ್ಪಲಿ ಮಾತ್ರ ಉಳಿಯಿತು, ಹಿಮ್ಮಡಿಯ ಗಾಯ ಕಣ್ಣಿಗೆ ಕಾಣುವಂತಿತ್ತಲ್ಲ.

ವೈನಿಯನ್ನು ನಾನು ಯಾಕೆ ಅಷ್ಟು ಹಚ್ಚಿಕೊಂಡೆ ಎಂದರೆ ಉತ್ತರ ಸುಲಭ. ನನ್ನ ಮಾತನ್ನು ಕೊನೆಯ ತನಕ ಕೇಳಿದ ಮೊದಲ ಮನುಷ್ಯಳು ಅವಳು. ಮನೆಯಲ್ಲಿ ನಾನು ಬಾಯಿ ತೆರೆದರೆ ನನ್ನ ತಾಯಿ, ಆಯಿ, "ಸಾಕು ಮಾರಾಯ್ತಿ, ಕಿವಿ ತೂತಾಯ್ತು" ಅನ್ನುತ್ತಿದ್ದಳು. ವೈನಿ ನನ್ನ ತಲೆ ಬಾಚುತ್ತ, ಶಾಲೆಯಲ್ಲಿ ಇವತ್ತು ಏನು ಕಲಿಸಿದರು ಎಂದು ಕೇಳುತ್ತಿದ್ದಳು. ಕೇಳಿ ಸುಮ್ಮನಾಗುತ್ತಿರಲಿಲ್ಲ, ಮತ್ತೆ ಕೇಳುತ್ತಿದ್ದಳು. "ಅದು ಹ್ಯಾಂಗೆ?" ಎನ್ನುವುದು ಅವಳ ಪ್ರಶ್ನೆ. ಅವಳಿಗೆ ಉತ್ತರ ಹೇಳಬೇಕೆಂದೇ ನಾನು ತರಗತಿಯಲ್ಲಿ ಕಿವಿಗೊಡತೊಡಗಿದೆ. ನಾನು ಓದುವವಳಾದದ್ದು ಹಾಗೆ.

ಸಂಕ್ರಾಂತಿ ಕಳೆದ ಮೇಲೆ ಮೂಡಗಾಳಿ ಜೋರಾಯಿತು. ಒಂದು ಬೆಳಿಗ್ಗೆ ವೈನಿ ಕುರ್ಚಿಯಿಂದ ಎದ್ದು ಆಜಿಗೆ ಎಲೆಯಡಿಕೆಯ ಹಿತ್ತಾಳೆ ಹರಿವಾಣ ಕೊಡಲು ಹೋದಳು. ಆಜಿ ಕೈ ಚಾಚಿದಳು. ಚಟ್ ಎಂದಿತು. ಹರಿವಾಣ ನೆಲಕ್ಕೆ ಬಿತ್ತು, ಅಡಿಕೆ ಉರುಳಿ ಒಲೆಯ ಹತ್ತಿರ ಹೋಯಿತು. ಆಜಿ ತನ್ನ ಬೆರಳನ್ನೇ ನೋಡುತ್ತ ನಿಂತಳು.

"ಎಂತ ಮಾಡ್ದ್ಯೇ ನೀನು?"

"ನಾ ಎಂತ ಮಾಡ್ಲಿಲ್ಲ ಆಜಿ. ನಂಗೂ ಹೊಡೀತು."

"ಚೇಳು ಕುಟುಕ್ದಾಂಗೆ ಆಯ್ತು ನಂಗೆ. ದೂರ ನಿಲ್ಲು. ಹತ್ರ ಬರ್ಬೇಡ."

ಆ ಮೇಲೆ ಇದೇ ಕತೆ. ಅವಳು ಕೊಡಪಾನ ಮುಟ್ಟಿದರೆ ಚಟ್, ಆಯಿಯ ಕೈಗೆ ಸೌಟು ಕೊಟ್ಟರೆ ಚಟ್. ಹಿತ್ತಿಲಲ್ಲಿ ಥರ್ಮಾಕೋಲ್ ಡಬ್ಬಿಯೊಂದು ಒಡೆದ ದಿನ ಆ ಬಿಳಿ ಕಾಳೆಲ್ಲ ಬೇರೆ ಯಾರನ್ನೂ ಕೇಳದೆ ವೈನಿಯ ಸೀರೆಗೇ ಹತ್ತಿದವು. ಕೊಡವಿದರೆ ಬೀಳಲಿಲ್ಲ. ಕೈಯಿಂದ ತೆಗೆದರೆ ಕೈಗೆ ಅಂಟಿದವು. ಅದನ್ನು ಪಕ್ಕದ ಮನೆಯ ದೇವಕಿ ಮಾವಶಿ ಬೇಲಿಯಿಂದ ನೋಡಿದಳು. ದೇವಕಿ ಮಾವಶಿ ನೋಡಿದ್ದನ್ನು ಕೇರಿ ನೋಡಿದ ಹಾಗೇ ಲೆಕ್ಕ. ಅವಳು ಬೇಲಿ ದಾಟಿ ಬಂದು ಆಜಿಯ ಕಿವಿಯಲ್ಲಿ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದಳು.

"ಅಕ್ಕಾ, ಇದು ಸಾದಾ ಅಲ್ಲ ಹಾಂ. ಅವಳ ಮೈಮೇಲೆ ಎಂತದೋ ಉಂಟು. ಅವಳು ಬಂದ್ಮೇಲೆ ನಿಮ್ಗೆ ಬಂಗಡೆ ಸಿಕ್ಕಿದ್ಯಾ ಹೇಳು ನೋಡ್ವಾ?"

ಬಂಗಡೆ ಸಿಕ್ಕಿರಲಿಲ್ಲ. ಅಪ್ಪನ ಬಲೆಗೆ ಬರುತ್ತಿದ್ದದ್ದು ಚಿಲ್ಲರೆ ಮೀನು, ಅಂಕೋಲೆಯ ಪೇಟೆಗೆ ಒಯ್ದರೆ ಸಿಕ್ಕ ದುಡ್ಡನ್ನೆಲ್ಲ ಬಸ್ಸಿನವನಿಗೇ ಕೊಟ್ಟು ಬರಬೇಕಾದಂಥದ್ದು. ಆಜಿಯ ಮನಸ್ಸಿನಲ್ಲಿ ಎರಡೂ ಕೂಡಿಕೊಂಡವು. ಅಷ್ಟರಲ್ಲೇ ಹೊಸ ಬಲೆ ಸಿದ್ಧವಾಗುತ್ತಿತ್ತು. ನಮ್ಮಲ್ಲಿ ಹೊಸ ಬಲೆ ನೀರಿಗೆ ಹೋಗುವ ಮುಂಚೆ ಮನೆಯ ಸೊಸೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕು. ಹೊಸ ಸೊಸೆ ಇದ್ದರಂತೂ ಅವಳೇ ಹಚ್ಚಬೇಕು, ಕೇರಿಯವರೆಲ್ಲ ನಿಂತು ನೋಡುತ್ತಾರೆ. ಶುಕ್ರವಾರ ಬಲೆಯ ಪೂಜೆ ಎಂದು ನಿಶ್ಚಯವಾಯಿತು. ಆಜಿ ವೈನಿಯನ್ನು ಬಲೆಯ ಹತ್ತಿರ ಬಿಡಲು ಸಿದ್ಧಳಿರಲಿಲ್ಲ. ಸೊಸೆ ಮನೆಯಲ್ಲಿದ್ದೂ ಅರಿಶಿನ ಹಚ್ಚದಿದ್ದರೆ ಜನ ಕೇಳುತ್ತಾರೆ. ಅದಕ್ಕೆ ಆಜಿ ಕಂಡುಕೊಂಡ ಉಪಾಯ, ಅದೇ ಶುಕ್ರವಾರ ಬೆಳಿಗ್ಗೆ ಅವಳನ್ನು ತವರಿಗೆ ಕಳಿಸುವುದು. "ಗಾಳಿ ಬದಲಾಗೂ ತನಕ ಇದ್ಕಂಡು ಬರ್ಲಿ" ಎಂದಳು. ಹಾಗೆ ಹೋದವರು ತಿರುಗಿ ಬಂದದ್ದನ್ನು ನಮ್ಮ ಕೇರಿ ಕಂಡಿರಲಿಲ್ಲ. ಅದು ವೈನಿಗೂ ಗೊತ್ತಿತ್ತು.

ದಾದಾ? ದಾದಾ ಬಾಯಿ ತೆರೆದ, ಮುಚ್ಚಿದ, ದಂಡೆಗೆ ಎಳೆದ ಮೀನಿನ ಹಾಗೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವನ ಬೆನ್ನಿಗೆ ಒಂದು ಗುದ್ದಿದೆ. ಅಪ್ಪ ಬಲೆಯ ಗಂಟು ಹಾಕುವುದರಲ್ಲಿ ಮುಳುಗಿದವನಂತೆ ನಟಿಸಿದ. ವೈನಿ ಅಳಲಿಲ್ಲ. ಅವಳು ತನ್ನ ಕೈಗಳಿಗೇ ಹೆದರತೊಡಗಿದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದಳು, ನನ್ನ ತಲೆಯನ್ನೂ ಬಾಚಲಿಲ್ಲ. "ನಿಂಗೆ ಎಂತಾದ್ರೂ ಆದ್ರೆ?" ಎಂದಳು.

ಅದೇ ವಾರ ನಮ್ಮ ಹೈಸ್ಕೂಲಿನಲ್ಲಿ ಪರಮಾಣುವಿನ ಪಾಠ ನಡೆದಿತ್ತು. ವಿಜ್ಞಾನದ ಅಕ್ಕೋರು ಧಾರವಾಡದ ಕಡೆಯವರು, ಗಟ್ಟಿ ದನಿಯ ಹೆಂಗಸು, ನಮ್ಮ ಮೀನಿನ ವಾಸನೆಗೆ ಇನ್ನೂ ಮೂಗು ಒಗ್ಗಿಸಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟು ಸುತ್ತ ಗೆರೆ ಎಳೆದರು. ನಡುವೆ ಬೀಜಕೇಂದ್ರ, ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನುಗಳು. ಹೊರಗೆ ಋಣ ವಿದ್ಯುದಂಶದ ಎಲೆಕ್ಟ್ರಾನುಗಳು. ಧನವೂ ಧನವೂ ಒಂದನ್ನೊಂದು ನೂಕುತ್ತವೆ, ಋಣವೂ ಋಣವೂ ನೂಕುತ್ತವೆ, ಧನ ಋಣ ಸೆಳೆದುಕೊಳ್ಳುತ್ತವೆ. ದೂರ ಎರಡು ಪಟ್ಟಾದರೆ ಆ ಸೆಳೆತ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ನಾನು ಸುಮ್ಮನೆ ಕೂರುವವಳೇ? ಎದ್ದು ಕೇಳಿದೆ.

"ಅಕ್ಕೋರೆ, ಧನ ಧನ ನೂಕ್ತವೆ ಅಂದ್ರೆ ನಡುವಿನ ಪ್ರೋಟಾನೆಲ್ಲ ಒಂದೇ ಕಡೆ ಹ್ಯಾಂಗೆ ಕೂತಾವೆ? ಸಿಡಿದು ಹೋಗ್ಬೇಕಲ್ಲ?"

ಅಕ್ಕೋರು ಚಾಕ್‌ಪೀಸು ಕೆಳಗಿಟ್ಟರು.

"ಭಲೆ! ಇದನ್ನ ಕೇಳವರು ಯಾರರ ಇದ್ದಾರೇನು ಅಂತ ನೋಡ್ಲಿಕ್ಕತ್ತಿದ್ದೆ. ಅಲ್ಲೆ ಇನ್ನೊಂದು ಬಲ ಐತಿ. ಭಾಳ ಜೋರು. ಆದ್ರ ಅದರ ಕೈ ಭಾಳ ಗಿಡ್ಡ, ಬೀಜಕೇಂದ್ರದ ಹೊರಗ ಮುಟ್ಟೂದಿಲ್ಲ. ಹೊರಗಿನ ಎಲೆಕ್ಟ್ರಾನನ್ನ ಹಿಡಿಯೂದು ವಿದ್ಯುತ್ತಿನ ಸೆಳೆತ. ಎಲ್ಲಾದಕಿಂತ ದೂರ ಇರೂವಕ್ಕ ಹಿಡಿತ ಸಡಿಲ. ತಿಕ್ಕಿದ್ರ ಬಿಟ್ಟು ಇನ್ನೊಬ್ಬರ ಮನಿಗೆ ಹೋಗ್ತಾವ."

ಹಾಗೆಂದು ತಮ್ಮ ಪ್ಲಾಸ್ಟಿಕ್ ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರಿನ ಮೇಲೆ ಹಿಡಿದರು. ಚೂರು ಹಾರಿ ಬಾಚಣಿಗೆಗೆ ಅಂಟಿತು.

"ಇಡೀ ಭೂಮಿ ಈ ಕಾಗದಾನ ಕೆಳಗ ಎಳಿಲಿಕ್ಕತ್ತೈತಿ. ಇಷ್ಟ ಬಾಚಣಿಕಿ ಮ್ಯಾಲ ಎತ್ತೇತಿ. ಯಾರು ಗೆದ್ದರು?"

ತರಗತಿ "ಬಾಚಣಿಗೆ" ಎಂದು ಕೂಗಿತು. ನಾನು ಕೂಗಲಿಲ್ಲ. ನನ್ನ ಕಣ್ಣ ಮುಂದೆ ವೈನಿಯ ಸೀರೆಯೂ ಥರ್ಮಾಕೋಲ್ ಕಾಳೂ ಇದ್ದವು. ಕೆಂಪು ಕುರ್ಚಿ, ಅಂಟುವ ಸೀರೆ, ಹುಲಿಯ ಚಾದರ: ಇವೆಲ್ಲ ಉಜ್ಜುತ್ತವೆ. ಎಲೆಕ್ಟ್ರಾನು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಲಲ್ಲಿ ರಬ್ಬರಿನ ಚಪ್ಪಲಿ ಇರುವುದರಿಂದ ನೆಲಕ್ಕೆ ಇಳಿದು ಹೋಗಲು ದಾರಿಯಿಲ್ಲ. ಲೋಹ ಮುಟ್ಟಿದರೆ, ಇನ್ನೊಬ್ಬರ ಬೆರಳು ಮುಟ್ಟಿದರೆ, ಒಮ್ಮೆಲೇ ಜಿಗಿಯುತ್ತದೆ. ನಾವೆಲ್ಲ ಬರಿಗಾಲಲ್ಲಿ ಹಳೆಯ ಹತ್ತಿಬಟ್ಟೆ ಉಟ್ಟು ನೆಲದ ಮೇಲೆ ಕೂರುವವರು. ನಮಗೇಕೆ ಹೊಡೆಯುತ್ತದೆ? ಇಷ್ಟೇ! ನಾನು ಶಾಲೆಯಿಂದ ಮನೆಗೆ ಓಡಿದೆ, ನಡೆಯಲಿಲ್ಲ.

ಸಂಜೆ ಚಾ ಹೊತ್ತಿಗೆ ಮನೆಮಂದಿಯನ್ನೆಲ್ಲ ಕೂರಿಸಿದೆ. ದೇವಕಿ ಮಾವಶಿ ಕರೆಯದೆಯೇ ಬಂದಳು. ನಾನು ದೊಡ್ಡ ಭಾಷಣ ಬಿಗಿದೆ. ಪರಮಾಣು, ಬೀಜಕೇಂದ್ರ, ಸೆಳೆತ, ನೂಕು, ಎಲ್ಲ. ವೈನಿಯ ಚಪ್ಪಲಿಯನ್ನು ದಾದಾನ ಕಾಲಿಗೆ ಹಾಕಿಸಿ, ಕುರ್ಚಿಯ ಮೇಲೆ ಚಾದರ ಹಾಸಿ, ಅವನನ್ನು ಚೆನ್ನಾಗಿ ಉಜ್ಜಿಸಿ ಎಬ್ಬಿಸಿದೆ. "ಈಗ ಹರಿವಾಣ ಮುಟ್ಟು" ಎಂದೆ. ಮುಟ್ಟಿದ. ಏನೂ ಇಲ್ಲ. ಮತ್ತೆ ಕೂರಿಸಿದೆ, ಮತ್ತೆ ಎಬ್ಬಿಸಿದೆ. ಏನೂ ಇಲ್ಲ. ಕೊನೆಗೆ ವೈನಿಯನ್ನೇ ಕೂರಿಸಿದೆ. ಅವಳು ಹರಿವಾಣ ಮುಟ್ಟಿದಳು, ಆಗಲೂ ಏನೂ ಇಲ್ಲ. ಅಪ್ಪ ನಕ್ಕುಬಿಟ್ಟ. ಆಜಿ ನಗಲಿಲ್ಲ.

"ನೋಡ್ದ್ಯಾ? ಎಲ್ಲರೂ ಕೂತಿದ್ದು ಕಂಡು ಅಡಗಿ ಕೂತ್ಕಂತು. ಇನ್ನೂ ಎಂತ ಸಾಕ್ಷಿ ಬೇಕು?"

"ಅಡಗೂಕೆ ಅದೆಂತ ಬೆಕ್ಕಾ ಆಜಿ?"

"ಬಾಯಿ ಮುಚ್ಚು. ಶುಕ್ರವಾರ ಅವಳ ಅಪ್ಪಂಗೆ ಬರೂಕೆ ಹೇಳಿ ಕಳ್ಸಿದ್ದೆ. ಮಾತು ಮುಗೀತು."

ನಾನು ಹಿತ್ತಿಲಿಗೆ ಹೋಗಿ ಡಬ್ಬಿಗಳ ರಾಶಿಯ ಹಿಂದೆ ಕೂತು ಅತ್ತೆ. ಸೋತದ್ದಕ್ಕೆ ಅತ್ತೆ, ಸಿಟ್ಟಿಗೆ ಅತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ವೈನಿಯ ಪರವಾಗಿ ಹೋಗಿ ಅವಳನ್ನೇ ಇನ್ನಷ್ಟು ಮುಳುಗಿಸಿದೆನಲ್ಲ ಎಂದು ಅತ್ತೆ. ಮಾರನೆಯ ದಿನ, ಗುರುವಾರ, ಪ್ರಾರ್ಥನೆಗೂ ಮುಂಚೆ ಅಕ್ಕೋರನ್ನು ಹಿಡಿದೆ. ನಿಮ್ಮ ಪಾಠ ಸುಳ್ಳು ಎಂದೇ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಯಾವಾಗ ಮಾಡಿದ್ದಿ ಇದನ್ನೆಲ್ಲ?"

"ಸಂಜೆ ಚಾಕ್ಕೆ."

"ಅಯ್ಯ ನಮ್ಮವ್ವ! ನಿಮ್ಮೂರ ಸಂಜಿ ಗಾಳಿ ಹಿಂಡಿದ್ರ ನೀರು ಬೀಳತೈತಿ. ತೇವ ಇದ್ದಲ್ಲಿ ವಿದ್ಯುದಂಶ ನಿಲ್ಲೂದಿಲ್ಲ, ಸೋರಿ ಹೋಗತೈತಿ. ಮಳಿಗಾಲದಾಗ ನಂದೂ ಬಾಚಣಿಕಿ ಕೆಲಸ ಮಾಡ್ಲಿಲ್ಲ, ಹುಡುಗರು ನಕ್ಕರು. ಒಣ ಹವಾ ಬೇಕು."

ಒಣ ಹವಾ! ಅವರು ಇನ್ನೂ ಮಾತಾಡುತ್ತಿದ್ದರು, ನನಗೆ ಆಗಲೇ ಎಲ್ಲ ಹೊಳೆದಿತ್ತು. ವೈನಿಗೆ ಹೊಡೆದದ್ದೆಲ್ಲ ಬೆಳಿಗ್ಗೆಯೇ, ಮೂಡಗಾಳಿಯಲ್ಲೇ. ಹರಿವಾಣ, ಕೊಡಪಾನ, ಸೌಟು, ಡಬ್ಬಿ ಒಡೆದದ್ದು, ಒಂದೂ ಮಧ್ಯಾಹ್ನದ ನಂತರ ಆದದ್ದಲ್ಲ. ಗಾಳಿಯ ಲೆಕ್ಕದಲ್ಲೇ ಊಟ ನಿದ್ದೆ ಮಾಡುವ ಮನೆಯಲ್ಲಿ ಹುಟ್ಟಿ, ಗಾಳಿ ತಿರುಗಿದ ಮೇಲೆ ಸಭೆ ಕರೆದಿದ್ದೆ ನಾನು. ತೀರ್ಮಾನ ಮಾಡುವುದೆಂದರೆ ಸಂಜೆಗೇ ಎಂಬ ಅಭ್ಯಾಸ ನನ್ನ ಮೂಗಿನೆದುರೇ ಇದ್ದ ಗಾಳಿಯನ್ನು ಮರೆಸಿತ್ತು. ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಅಕ್ಕೋರು "ಹೋಗು, ಗೆದ್ದು ಬಾ" ಎಂದರು.

ಶುಕ್ರವಾರ ನಾನು ಶಾಲೆಗೆ ಹೋಗಲಿಲ್ಲ. ಹೊಟ್ಟೆನೋವು ಎಂದೆ, ಯಾರೂ ನಂಬಲಿಲ್ಲ, ಯಾರಿಗೂ ಬೈಯುವ ಪುರುಸೊತ್ತೂ ಇರಲಿಲ್ಲ. ಇಬ್ಬನಿ ಆರಿ ಬಿಸಿಲು ಏರಿತ್ತು, ಮೂಡಗಾಳಿ ಚೆನ್ನಾಗಿ ಬೀಸುತ್ತಿತ್ತು. ತುಟಿ ಸವರಿದರೆ ಸಿಪ್ಪೆ ಏಳುತ್ತಿತ್ತು. ಅಂಥ ಸುಖದ ಗಾಳಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ವೈನಿಯ ಅಪ್ಪ ಮೊದಲ ಬಸ್ಸಿಗೇ ಹೊರಟು, ಅಂಕೋಲೆಯಲ್ಲಿ ಬಸ್ಸು ಬದಲಿಸಿ ಬಂದು ಜಗಲಿಯಲ್ಲಿ ಕೂತಿದ್ದರು. ಮಗಳ ಬಟ್ಟೆ ತುಂಬಿದ ಚೀಲವನ್ನು ಆಯಿ ತಂದು ಅವರ ಮುಂದಿಟ್ಟಿದ್ದಳು. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಕೊಟ್ಟ ಚಾ ಕುಡಿಯದೆ, ನೆಲ ನೋಡುತ್ತಿದ್ದರು. ಮನೆಯ ಮುಂದಿನ ಅಂಗಳದಲ್ಲಿ ಹೊಸ ಬಲೆಯನ್ನು ಹರಡಿದ್ದರು. ಕೇರಿಯವರು ಒಬ್ಬೊಬ್ಬರೇ ಬರುತ್ತಿದ್ದರು. ಆಜಿ ನಡುಕೋಣೆಯಲ್ಲಿ ದೇವರ ಮುಂದೆ ಅರಿಶಿನ ಕಲಸುತ್ತಿದ್ದಳು. ನಾನು ಒಳಗೆ ನುಗ್ಗಿದೆ. ಇನ್ನು ಹೇಳದಿದ್ದರೆ ವೈನಿ ಹೋದ ಹಾಗೆಯೇ.

"ಆಜಿ, ಅದು ವೈನಿ ಮೈಮೇಲೆ ಇರೂದೇ ಹೌದಾದ್ರೆ, ನೀ ಅವಳ ಕುರ್ಚೀಲಿ ಕೂತ್ರೆ ನಿಂಗೆ ಎಂತ ಆಗೂದಿಲ್ಲ ಅಲ್ದಾ?"

"ಮತ್ತೆ ಶುರು ಮಾಡ್ದ್ಯಾ?"

"ಕೂತು ತೋರ್ಸು. ಎಂತ ಆಗ್ದಿದ್ರೆ ನಾ ಇನ್ಮೇಲೆ ಬಾಯಿ ತೆಗೆಯೂದಿಲ್ಲ. ಶಾಲೆಯೂ ಬಿಡ್ತೆ, ಮೀನು ಬುಟ್ಟಿ ಹೊರ್ತೆ."

ಆಜಿ ಅರಿಶಿನದ ಕೈ ನಿಲ್ಲಿಸಿದಳು. ನನ್ನ ಬಾಯಿ ಮುಚ್ಚುವುದೆಂದರೆ ಸಣ್ಣ ಆಸೆಯಲ್ಲ.

"ಹೆದ್ರಿಕೆ ಆದ್ರೆ ಬೇಡ ಬಿಡು" ಎಂದೆ.

"ನಂಗಾ? ಹೆದ್ರಿಕೆಯಾ? ತಕಂಬಾ ಆ ಕುರ್ಚಿ!"

ಕುರ್ಚಿ ತಂದವನು ದಾದಾ. ಯಾರೂ ಹೇಳಿರಲಿಲ್ಲ. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದವನು ಕುರ್ಚಿಯನ್ನೂ ಚಾದರವನ್ನೂ ಎತ್ತಿಕೊಂಡು ಬಂದು ಆಜಿಯ ಎದುರು ಇಟ್ಟು, ಹೆಂಡತಿಯ ಚಪ್ಪಲಿಯನ್ನು ತನ್ನ ಕೈಯಿಂದಲೇ ಆಜಿಯ ಕಾಲಬಳಿ ಜೋಡಿಸಿದ. ಆಜಿ ಅವನನ್ನು ದುರುಗುಟ್ಟಿ ನೋಡಿದಳು. ಅವನು ಕಣ್ಣು ಕೆಳಗೆ ಮಾಡಲಿಲ್ಲ.

"ಮನೆ ಒಳಗೆ ಚಪ್ಪಲಿ ಹಾಕೂಕೆ ನಾ ಎಂತ ತಾಸೀಲ್ದಾರ್ತಿಯಾ?" ಎಂದು ಗೊಣಗುತ್ತ ಆಜಿ ಕಾಲು ತೂರಿಸಿದಳು. ಕೈ ತೊಳೆದು ಒರೆಸಿಕೊಂಡು ಕೂತಳು. ನಾನು ಚಾದರವನ್ನು ಅವಳ ಬೆನ್ನಿಗೆ, ತೋಳಿಗೆ, ಮೊಣಕಾಲಿಗೆ ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ಅದನ್ನು ಸರಕ್ಕನೆ ಎಳೆದೆ. ಆ ಕತ್ತಲೆಯಲ್ಲಿ ಚಾದರದ ರೋಮದ ತುಂಬ ಸಣ್ಣ ಸಣ್ಣ ನೀಲಿ ಮಿಂಚು ಓಡಿದವು. ಬಾಗಿಲಲ್ಲಿ ನಿಂತ ದೇವಕಿ ಮಾವಶಿ "ಆಯ್ ಗೋ!" ಎಂದಳು.

"ಏಳು ಆಜಿ. ಏನನ್ನೂ ಮುಟ್ಟಬೇಡ. ಈಗ ಹಂಡೆ ಹತ್ರ ಬೆರಳು ಒಯ್ಯಿ."

ಆಜಿ ಬೆರಳನ್ನು ತಾಮ್ರದ ಹಂಡೆಯ ಹತ್ತಿರ ಒಯ್ದಳು. ಬೆರಳು ಇನ್ನೂ ಮುಟ್ಟಿರಲಿಲ್ಲ. ಚಟ್! ಅವಳ ಬೆರಳ ತುದಿಯಿಂದ ಹಂಡೆಗೆ ನೀಲಿ ಕಿಡಿ ಹಾರಿದ್ದನ್ನು ನಾವೆಲ್ಲರೂ ನೋಡಿದೆವು. ಆಜಿ ಕೈ ಹಿಂದಕ್ಕೆ ಎಳೆದುಕೊಂಡಳು. ಇನ್ನೇನು ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಆಜಿ ತಿರುಗಿ ಹೋಗಿ ಕುರ್ಚಿಯಲ್ಲಿ ಕೂತಳು.

"ಇನ್ನೊಂದ್ಸಲ ತಿಕ್ಕು" ಎಂದಳು.

ಮತ್ತೆ ಚಟ್. ಮತ್ತೆ ಕೂತಳು. ಮೂರನೆಯ ಸಲ ಹಂಡೆಗೆ ಹೋಗಲಿಲ್ಲ. ನೇರವಾಗಿ ಬಾಗಿಲಿಗೆ ಹೋಗಿ ದೇವಕಿ ಮಾವಶಿಯ ಮೂಗಿನ ತುದಿಗೆ ಬೆರಳು ಹಿಡಿದಳು. ಮಾವಶಿ ಕಿರುಚಿದ್ದು ಹೆದ್ದಾರಿಯ ತನಕ ಕೇಳಿರಬೇಕು. ಆಜಿ ನಕ್ಕಳು. ಅವಳ ನಗುವನ್ನು ನಾನು ಅದಕ್ಕೂ ಮುಂಚೆ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ.

"ಹ್ಯಾಂಗೆ ದೇವಕಿ? ಈಗ ನನ್ನ ಮೈಮೇಲೆ ಎಂತ ಉಂಟು ಹೇಳು ನೋಡ್ವಾ?"

ಮಾವಶಿ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದಳು. ಆಜಿ ನನ್ನ ಕಡೆ ತಿರುಗಿದಳು. ನಗು ನಿಂತಿತ್ತು. ಅವಳು ಕೇಳಿದ್ದು, ಈಗ ನಾನು ಪಾಠ ಹೇಳುವ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರು ಕೇಳದ ಪ್ರಶ್ನೆ.

"ಇದು ನನ್ನೊಳಗೆ ಮುಂಚೆಯಿಂದ್ಲೂ ಇತ್ತಾ, ಇಲ್ಲಾ ಆ ಚಾದರದಿಂದ ಬಂತಾ?"

"ಎರಡೂ ಕಡೆ ಇತ್ತು ಆಜಿ. ನಿನ್ನಲ್ಲಿ, ನನ್ನಲ್ಲಿ, ಹಂಡೇಲಿ, ಬಂಗಡೇಲಿ, ಎಲ್ಲದ್ರಲ್ಲೂ. ಧನ ಎಷ್ಟೋ ಋಣ ಅಷ್ಟೇ ಇದ್ದಾಗ ಗೊತ್ತೇ ಆಗೂದಿಲ್ಲ. ತಿಕ್ಕಿದ್ರೆ ಹೊರಗಿಂದು ಸಡಿಲಾಗಿ ಆಚೆ ಈಚೆ ಹೋತದೆ, ಲೆಕ್ಕ ತಪ್ಪತದೆ. ಆಮೇಲೆ ತನ್ನ ಜಾಗಕ್ಕೆ ತಿರುಗಿ ಹೋಗೂಕೆ ಜಿಗೀತದೆ. ಅದೇ ಚಟ್."

"ಹಾಗಾದ್ರೆ ಬಂಗಡೆ?"

ಪುಸ್ತಕದಲ್ಲಿ ಬಂಗಡೆಯ ವಿಷಯ ಇರಲಿಲ್ಲ. ಉತ್ತರ ಬಂದದ್ದು ಅಡಿಗೆಮನೆಯ ಬಾಗಿಲಿನಿಂದ. ಅತ್ತೆಯ ಎದುರು ಮದುವೆಯಾದಂದಿನಿಂದ ದನಿ ಎತ್ತದ ನನ್ನ ಆಯಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಹೇಳಿದಳು.

"ಹೋದ ವರ್ಷವೂ ಬಂಗಡೆ ಬರ್ಲಿಲ್ಲ. ಹೋದ ವರ್ಷ ಅವಳು ಈ ಮನೇಲಿ ಇರ್ಲೂ ಇಲ್ಲ."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಯಿ ಅದನ್ನು ನೋಡಲಿಲ್ಲ. ಆಜಿ ಸೊಸೆಯ ಕಡೆ ತಿರುಗಿದಳು. ಆಮೇಲೆ "ಹೌದು, ಬರ್ಲಿಲ್ಲ" ಎಂದಳು. ಇಂದು ನಾನು ಅಂಕೋಲೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪರಮಾಣುವಿನ ಒಳಗಿನ ಬಲಗಳ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ, ಕಷ್ಟದ ಸಮೀಕರಣಗಳನ್ನು ಬಿಡಿಸಿ ಖುಷಿಪಟ್ಟಿದ್ದೇನೆ. ಆದರೆ ಕಣ್ಣಿಗೆ ಕಾಣದ ಒಂದು ಸತ್ಯವನ್ನು ಸರಿಯಾದ ಹೊತ್ತಿಗೆ, ಸರಿಯಾದ ಗಾಳಿಯಲ್ಲಿ ಹಿಡಿದು ತೋರಿಸಿದರೆ ಮನುಷ್ಯರ ಬದುಕೇ ಬೇರೆ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕಿಟಕಿಯಿಲ್ಲದ ಕೋಣೆಯಲ್ಲಿ. ಆ ದಿನದ ಸಂತೋಷಕ್ಕೆ ಸಮನಾದದ್ದು ನನಗೆ ಮತ್ತೆ ಸಿಕ್ಕಿಲ್ಲ.

ವೈನಿ ಅಡಿಗೆಮನೆಯ ಮೂಲೆಯಲ್ಲಿ, ಹೊರಡುವ ಸೀರೆ ಉಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಆಜಿ ಅವಳ ಹತ್ತಿರ ಹೋದಳು. ಸೆರಗನ್ನು ತಾನೇ ಬಿಡಿಸಿ ಆ ಎರಡೂ ಕೈಗಳನ್ನು ಹೊರಗೆ ತೆಗೆದಳು. ಚಟ್ ಎಂದಿತು, ಸ್ವಲ್ಪ ಜೋರಾಗಿಯೇ. ಇಬ್ಬರೂ ಬೆಚ್ಚಿದರು. ಆಜಿ ಕೈ ಬಿಡಲಿಲ್ಲ.

"ನೋಯ್ತಾ?" ಎಂದಳು.

"ಇಲ್ಲ ಆಜಿ" ಎಂದಳು ವೈನಿ. ಆಗ ಅವಳಿಗೆ ಅಳು ಬಂತು. ಅಷ್ಟು ದಿನ ತಡೆದದ್ದೆಲ್ಲ ಬಂತು.

"ಅತ್ಕಂತ ಕೂತ್ರೆ ಆಗೂದಿಲ್ಲ. ಜನ ಕಾಯ್ತಾ ಇದ್ದಾರೆ" ಎಂದ ಆಜಿ ಅರಿಶಿನದ ಬಟ್ಟಲನ್ನು ತಂದು ಆ ಕೈಗಳಲ್ಲಿ ಇಟ್ಟಳು. ದಾದಾ ಅಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದ. ನಾನು ಕುಣಿದೆ, ನಿಜವಾಗಿ ಕುಣಿದೆ, ಒಣಮೀನಿನ ಬುಟ್ಟಿಯೊಂದು ಉರುಳಿತು, ಯಾರೂ ಬೈಯಲಿಲ್ಲ. ಆಜಿ ಸೊಸೆಯರಿಬ್ಬರನ್ನೂ ಮುಂದೆ ಬಿಟ್ಟುಕೊಂಡು, ರಬ್ಬರ್ ಚಪ್ಪಲಿಯನ್ನು ಪಟಪಟ ಬಡಿಯುತ್ತ, ಜಗಲಿಗೆ ಬಂದಳು. ವೈನಿಯ ಅಪ್ಪನಿಗೆ ಒಳಗೆ ಕಿರುಚಿದ್ದೂ ನಕ್ಕದ್ದೂ ಕೇಳಿತ್ತು, ಏನಾಯಿತೆಂದು ತಿಳಿದಿರಲಿಲ್ಲ. ಅವರು ಚೀಲ ಹಿಡಿದು ಎದ್ದು ನಿಂತರು. ಮಗಳ ಕೈಯಲ್ಲಿ ಅರಿಶಿನದ ಬಟ್ಟಲು ಕಂಡು ಹಾಗೇ ನಿಂತುಬಿಟ್ಟರು.

"ಎಂತ ಬೀಗರೆ, ಬಲೆಗೆ ಅರಿಶಿನ ಹಚ್ಚೂ ಸೊಸೆನ ಕರ್ಕಂಡು ಹೋಗೂಕೆ ಬಂದ್ರಾ?" ಎಂದಳು ಆಜಿ, ಕೇರಿಗೆಲ್ಲ ಕೇಳುವ ಹಾಗೆ. "ಆ ಚೀಲ ಕೆಳಗೆ ಇಡಿ. ಊಟ ಮಾಡ್ಕಂಡು ಸಂಜೆ ಬಸ್ಸಿಗೆ ನೀವೊಬ್ರೇ ಹೋಗಿ."

ಅವರು ಚೀಲವನ್ನು ಕೆಳಗಿಟ್ಟರು.